ಗಡ್ಡವಿರುವ ನನಗೆ, ಗಡ್ಡವಿಲ್ಲದ ನನ್ನಿಂದ

ಜೋಡಿ ಕೊಡಲಿ ಹೊತ್ತವರೂ, ಹೊಕ್ಕುಳಿನವರೆಗೆ ಗಡ್ಡ ಇಳಿಬಿಟ್ಟವರೂ, ಬಾಗಿಲಿನಲ್ಲಿ ಅಡ್ಡಡ್ಡ ತಿರುಗಿ ಮಾತ್ರ ನುಗ್ಗಬಲ್ಲಷ್ಟು ಅಗಲ ಭುಜದವರೂ ಆದ ಪಡೆನಾಯಕ ಗುಡುಗಣ್ಣನವರ ಸನ್ನಿಧಾನಕ್ಕೆ, ತಮ್ಮನ್ನು ದಿನವೂ ಸಂಜೆ ಕೀಬೋರ್ಡಿನಿಂದ ಎಬ್ಬಿಸಿ ನಡೆಸುವ ಹೆಂಗಸು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಕೈ ಜೋಡಿಸಿರುವುದರಿಂದಲೇ ತಾವು ಈ ಕ್ಷಣ ಅಲುಗಾಡದೆ ನಿಂತಿದ್ದೀರಿ, ಕ್ಷಮಿಸಬೇಕು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ನಿನ್ನೆ ಏಳು ತಲೆಯ ಹಲ್ಲಿ ಕಚ್ಚಿದ ಜಾಗಕ್ಕೆಲ್ಲ ಮದ್ದು ಹಚ್ಚಿ, ಕೊಡಲಿಗೆ ಸಾಣೆ ಹಿಡಿಸಿ, ಗಡ್ಡಕ್ಕೆ ಹೊಸದಾಗಿ ಜಡೆ ಹೆಣೆಸಿ ತಮ್ಮನ್ನು ಬಿಡಾರಕ್ಕೆ ತಲುಪಿಸಿದವಳು ನಾನೇ. ನನ್ನ ಕ್ಷೇಮವನ್ನು ತಾವು ಈವರೆಗೆ ವಿಚಾರಿಸಿಲ್ಲ, ಆದರೂ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಇಸ್ತ್ರಿ ರೋಲರಿನ ಬಾಯಿಂದ ಸುಡುಸುಡುತ್ತ ಹೊರಬರುವ ಹಾಸುಬಟ್ಟೆಯ ಮೂಲೆಗಳನ್ನು ಹಿಡಿದು, ಎದುರಿನವರ ಮೂಲೆಗಳಿಗೆ ಕೂಡಿಸಿ, ಮಡಿಸಿ, ಕಟ್ಟು ಕಟ್ಟುವವರ ತಂಡಕ್ಕೆ ನಾನೇ ಹಿರಿಯಳು. ದಿನವಿಡೀ ನಿಂತೇ ಮಾಡುವ ಕೆಲಸವಾದ್ದರಿಂದ ಮೊಣಕಾಲು ಸ್ವಲ್ಪ ನೋಯುತ್ತದೆ, ಉಳಿದಂತೆ ಚೆನ್ನಾಗಿದ್ದೇನೆ.

ತಮ್ಮ ಮೇಲೆ ನನಗಿರುವ ದೂರು ಒಂದೇ. ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ತಾವು ಹೇಳಿದರೆ ಎಲ್ಲರೂ ಕೇಳುತ್ತಾರೆ, ಮತ್ತು ತಾವು ಹೇಳುವುದೆಲ್ಲ ನಾನು ಹೇಳಿದ್ದೇ.

ತಾವು ಅವತರಿಸಿದ ಕಥೆಯನ್ನು ಒಮ್ಮೆ ನೆನಪಿಸಬೇಕು. ನಾನು ಮೊದಲು ಈ ಆನ್‌ಲೈನ್ ಆಟಕ್ಕೆ ಹೋದದ್ದು ಹೆಂಗಸಾಗಿಯೇ. ಕತ್ತಿ ಹಿಡಿದ, ಮುಖದಲ್ಲಿ ಸಾಕಷ್ಟು ಸಿಟ್ಟಿದ್ದ ಹೆಂಗಸೊಬ್ಬಳನ್ನು ಮಾಡಿಕೊಂಡು ಕೋಟೆಬಾಗಿಲು ದಾಟಿದೆನೋ ಇಲ್ಲವೋ, ಗುರುತು ಪರಿಚಯವಿಲ್ಲದ ಮೂವರು ಕತ್ತಿ ಹಿಡಿಯುವುದು ಹೇಗೆಂದು ಹೇಳಿಕೊಡಲು ಬಂದರು, ಒಬ್ಬರು ಊಟವಾಯಿತೇ ಎಂದರು, ಮತ್ತೊಬ್ಬರು ಕೇಳದೆಯೇ ಒಂದು ಜೊತೆ ಗುಲಾಬಿ ಬೂಟು ಕೊಟ್ಟು, ಮಾರನೆಯ ದಿನ ಅದನ್ನೇಕೆ ಹಾಕಿಕೊಂಡಿಲ್ಲವೆಂದು ಮುನಿಸಿಕೊಂಡರು. ಆ ಹೆಂಗಸನ್ನು ಅಳಿಸಿಹಾಕಿ, ಪಾತ್ರ ತಯಾರಿಸುವ ಪುಟದಲ್ಲಿ ಭುಜದ ಅಗಲ, ಹುಬ್ಬಿನ ದಪ್ಪ, ಗಡ್ಡದ ಉದ್ದ ಎಲ್ಲವನ್ನೂ ಬಲತುದಿಯವರೆಗೆ ಎಳೆದುಬಿಟ್ಟೆ. ತಾವು ಎದ್ದು ನಿಂತಿರಿ. ಅಂದಿನಿಂದ ಊಟವಾಯಿತೇ ಎಂದು ತಮ್ಮನ್ನು ಒಂದು ನರಪಿಳ್ಳೆಯೂ ಕೇಳಿಲ್ಲ, ಒಮ್ಮೊಮ್ಮೆ ನನಗೇ ಪಾಪ ಅನ್ನಿಸುತ್ತದೆ. ಧ್ವನಿಯಿಂದ ಗುಟ್ಟು ರಟ್ಟಾಗಬಾರದೆಂದು ‘ಮೈಕ್ ಕೆಟ್ಟಿದೆ’ ಎಂದು ಬರೆದದ್ದೇ ತಡ, ಗುಡುಗಣ್ಣ ಮಿತಭಾಷಿ, ತೂಕದ ಮನುಷ್ಯ ಎಂಬ ಕೀರ್ತಿ ಹಬ್ಬಿತು. ನಾನು ಲಾಂಡ್ರಿಯಲ್ಲಿ ಒಂದು ದಿನ ಸುಮ್ಮನಿದ್ದರೆ ‘ಯಾಕಮ್ಮ, ಮನೇಲಿ ಜಗಳವಾ’ ಎಂದು ಕೇಳುತ್ತಾರೆ.

ಈಗ ಓಣಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಲಾಂಡ್ರಿಯಲ್ಲಿ ಎರಡು ಓಣಿಗಳಿವೆ. ಎಡಗಡೆಯದು ಇಸ್ತ್ರಿ ಕೋಣೆಗೆ ಹೋಗುತ್ತದೆ, ಬಲಗಡೆಯದು ಒಗೆಯುವ ಯಂತ್ರಗಳ ಕಡೆಗೆ. ಆದರೆ ಬಲಗಡೆಯದರಲ್ಲಿ ಚಕ್ರ ಮುರಿದ ತಳ್ಳುಗಾಡಿಗಳನ್ನು ತುಂಬಿಟ್ಟಿದ್ದರಿಂದ, ಇಸ್ತ್ರಿ ಕೋಣೆ ಬಳಸಿಕೊಂಡು ಯಂತ್ರಗಳಿಗೆ ಹೋಗುವ ಕೊಳೆಬಟ್ಟೆಯ ಗಾಡಿಗಳೂ ಒಗೆದ ಬಟ್ಟೆಯ ಗಾಡಿಗಳೂ ಎಡ ಓಣಿಯಲ್ಲೇ ಎದುರುಬದುರಾಗಿ ಸಿಕ್ಕಿಕೊಂಡು, ಹಿಂದೆ ಸರಿಯುವವರು ಯಾರೆಂದು ದಿನವೂ ವಾಗ್ವಾದ ನಡೆಯುತ್ತಿತ್ತು. ಮುರಿದ ಗಾಡಿಗಳನ್ನು ಹೊರಗೆ ಹಾಕಿಸಿ, ಕೊಳೆಬಟ್ಟೆಗೆ ಒಂದು ಓಣಿ, ಒಗೆದದ್ದಕ್ಕೆ ಇನ್ನೊಂದು ಮಾಡಿಕೊಡಿ ಎಂದು ನಾನು ನಮ್ಮ ಮ್ಯಾನೇಜರಿಗೆ ಹೇಳಿದಾಗಲೆಲ್ಲ ಅವರು, ಮಾತು ಅರ್ಧಕ್ಕೆ ಬರುವಷ್ಟರಲ್ಲಿ, ‘ನೋಡೋಣಮ್ಮ’ ಎನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಅವರು ನೋಡೋಣ ಎಂದದ್ದನ್ನು ನೋಡಿದವರು ಮಾತ್ರ ಯಾರೂ ಇಲ್ಲ.

ಹೀಗಿರಲಾಗಿ ಒಂದು ಸಂಜೆ ನಮ್ಮ ನಲವತ್ತು ಮಂದಿಯ ಪಡೆ ಕಣಿವೆಯ ಸೇತುವೆಯ ಮೇಲೆ ಸಿಕ್ಕಿಕೊಂಡದ್ದು ತಮಗೆ ನೆನಪಿರಬಹುದು. ಗಾಯಗೊಂಡವರು ಹಿಂದೆ ಬರಲಾರರು, ಹೊಸಬರು ಮುಂದೆ ಹೋಗಲಾರರು, ಏಳು ತಲೆಯ ಹಲ್ಲಿ ಒಬ್ಬೊಬ್ಬರನ್ನೇ ನಿಧಾನವಾಗಿ ಮೆಲ್ಲುತ್ತಿತ್ತು. ನನಗೆ ಅದು ಸೇತುವೆಯಾಗಿ ಕಾಣಲೇ ಇಲ್ಲ, ನಮ್ಮ ಓಣಿಯೇ ಕಂಡಿತು. ಪಕ್ಕದಲ್ಲಿ ಬಿದ್ದಿದ್ದ ಹಳೆಯ ಕಲ್ಲುದಾರಿಯನ್ನು ತೋರಿಸಿ, ‘ಗಾಯಾಳುಗಳು ಎಡಕ್ಕೆ, ಹೊಸಬರು ಬಲಕ್ಕೆ’ ಎಂದು ತಮ್ಮ ಹೆಸರಿನಲ್ಲಿ ಬರೆದೆ. ನಲವತ್ತು ಜನ ತುಟಿ ಪಿಟಿಕ್ಕೆನ್ನದೆ ಎರಡು ಸಾಲಾದರು. ಹಲ್ಲಿ ಸತ್ತಿತು, ಆಟದ ನಿಯಮದಂತೆ ಮಾರನೆಯ ಸಂಜೆ ಮತ್ತೆ ಹುಟ್ಟುವವರೆಗೆ. ಅವರು ತಮ್ಮನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಪರದೆಯ ಈಚೆಗೆ ನಾನು ಒಂದು ಲೋಟ ನೀರು ಕುಡಿದೆ.

ಎರಡು ದಿನ ಬಿಟ್ಟು ನಮ್ಮ ಮ್ಯಾನೇಜರು ಎಲ್ಲರನ್ನೂ ಕೂಡಿಸಿ, ಓಣಿಗಳನ್ನು ಇನ್ನು ಮುಂದೆ ಬೇರೆ ಮಾಡುವುದಾಗಿ ಸಾರಿದರು. ‘ನಮಗೆ ಗೊತ್ತಿರೋರೊಬ್ಬರು ಹೇಳಿದ್ದು. ಸೈನ್ಯ ನಡೆಸಿ ಪಳಗಿದ ಮನುಷ್ಯ. ಮಾತು ಕಡಿಮೆ’ ಎಂದು ಹೇಳುವಾಗ ಅವರ ಮುಖದಲ್ಲಿ ಎಂಥ ಭಕ್ತಿ. ಮಾನ್ಯರೇ, ನನ್ನ ಕೈಯಲ್ಲಿದ್ದ ಹಾಸುಬಟ್ಟೆ ಜಾರಿತು.

ಅಂದು ಸಂಜೆ ನಾನು ನಮ್ಮ ಪಡೆಯ ದಪ್ಪ ದಪ್ಪ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸಿದೆ, ಇವರಲ್ಲಿ ನಮ್ಮ ಮ್ಯಾನೇಜರು ಯಾರಿರಬಹುದೆಂದು. ಅಷ್ಟರಲ್ಲಿ ಮಿಂಚುಳ್ಳಿ, ಅಂದರೆ ಸಣ್ಣ ನಡುವಿನ, ಮುಡಿಯಲ್ಲಿ ನೀಲಿ ಗರಿ ಸಿಕ್ಕಿಸಿಕೊಂಡ ನಮ್ಮ ಬಿಲ್ಲುಗಾತಿ, ತಮಗೆ ಗುಟ್ಟಾಗಿ ಬರೆದಳು: ‘ಅಣ್ಣ, ನಿಮ್ಮ ಸೇತುವೆ ಉಪಾಯನ ನಮ್ಮ ಲಾಂಡ್ರೀಲೂ ಮಾಡ್ತಾ ಇದೀನಿ.’ ನಾನು ಕುರ್ಚಿಯಿಂದ ಬೀಳದಿದ್ದದ್ದು ಕುರ್ಚಿಗೆ ಕೈಗಳಿದ್ದುದರಿಂದ. ತಾನು ಗಂಡಸೇ ಎಂದೂ ಅವಳು ತಮ್ಮಲ್ಲಿ ತೋಡಿಕೊಂಡಳು. ಗಂಟೆಗಟ್ಟಲೆ ತನ್ನ ಪಾತ್ರದ ಬೆನ್ನನ್ನೇ ಪರದೆಯ ಮೇಲೆ ನೋಡುತ್ತ ಆಡಬೇಕಾದ ಆಟದಲ್ಲಿ ಗಂಡಸಿನ ಬೆನ್ನು ಯಾಕೆ ಅನ್ನಿಸಿತಂತೆ. ತಮ್ಮ ಬೆನ್ನನ್ನು ಇಷ್ಟು ದಿನ ನೋಡಿರುವ ನಾನು ಆ ವಾದಕ್ಕೆ ಎದುರಾಡಲಾರೆ.

ಆದರೆ ಮ್ಯಾನೇಜರು ಸೇತುವೆಯನ್ನು ಇದ್ದದ್ದು ಇದ್ದ ಹಾಗೆ ಲಾಂಡ್ರಿಗೆ ಇಳಿಸಿದರು. ಗಾಯಾಳುಗಳು ಎಡಕ್ಕೆ ಎಂದಿದ್ದಿರಲ್ಲ, ಕೊಳೆಬಟ್ಟೆಯನ್ನು ಎಡ ಓಣಿಗೆ ಬಿಟ್ಟರು, ಅದು ನೇರವಾಗಿ ಇಸ್ತ್ರಿ ಕೋಣೆಗೆ ಬಂತು. ಹೊಸಬರು ಬಲಕ್ಕೆ ಎಂದಿದ್ದಿರಲ್ಲ, ಮಡಿಸಿ ಕಟ್ಟಿದ ಬಟ್ಟೆಯನ್ನು ಬಲ ಓಣಿಗೆ ತಳ್ಳಿಸಿದರು, ಅದು ಒಗೆಯುವ ಯಂತ್ರಗಳ ಬಾಯಿಗೆ ಹೋಯಿತು. ಬೆಳಗಿನಿಂದ ಊಟದ ಹೊತ್ತಿನವರೆಗೆ ನಾವು ಒಗೆದದ್ದನ್ನೇ ಒಗೆದೆವು. ಅಷ್ಟು ಶುಭ್ರವಾದ ಬಟ್ಟೆಯನ್ನು ಯಾವ ಆಸ್ಪತ್ರೆಯೂ ಕಂಡಿರಲಾರದು, ಅಂದು ಕಾಣಲೂ ಇಲ್ಲ. ‘ಸಾರ್, ಎಡ ಬಲ ಅದಲುಬದಲು ಮಾಡಿದ್ರೆ ಸರಿಹೋಗುತ್ತೆ’ ಎಂದೆ. ‘ತಾಳಮ್ಮ, ಹೇಳಿದೋರು ಅನುಭವಸ್ಥರು. ಅವರನ್ನೇ ಒಂದು ಮಾತು ಕೇಳಿ ನೋಡೋಣ’ ಎಂದರು.

ಕೇಳಿದರು ಕೂಡ. ಸಂಜೆ ನಾನು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತು, ಮಧ್ಯಾಹ್ನ ಬಾಯಿಂದ ಹೇಳಿದ್ದನ್ನೇ ತಮ್ಮ ಗಡ್ಡದ ಹಿಂದಿನಿಂದ ‘ಅದಲುಬದಲು ಮಾಡಿ’ ಎಂದು ಬರೆದೆ. ‘ಎಂಥ ತಲೆ ಅಣ್ಣ ನಿಮ್ಮದು’ ಎಂಬ ಉತ್ತರ ಬಂತು. ಮಾರನೆಯ ಬೆಳಿಗ್ಗೆಯಿಂದ ಗಾಡಿಗಳು ನೀರಿನ ಹಾಗೆ ಸಾಗುತ್ತಿವೆ. ಒಳ್ಳೆಯದಾಯಿತೆಂದು ಸಂತೋಷ, ತಮಗೆ ಹೆಸರು ಬಂತೆಂದು ಹೊಟ್ಟೆಯುರಿ. ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಡುವ ಗತಿ ಬಂದೀತೆಂದು ಎಣಿಸಿರಲಿಲ್ಲ.

ಇನ್ನೊಂದು ದೂರು ತಮ್ಮ ನಡತೆಯ ಬಗ್ಗೆ. ಕಳೆದ ವಾರ ಮಿಂಚುಳ್ಳಿ, ಗುಹೆಗೆ ಮುಂದಿನಿಂದ ನುಗ್ಗುವುದಕ್ಕಿಂತ ಮೇಲಿನ ಬಂಡೆಯಿಂದ ಇಳಿಯೋಣ ಎಂದು ಸಭೆಯಲ್ಲಿ ಹೇಳಲು ಹೊರಟಳು. ಒಬ್ಬ ಅಡ್ಡ ಬಾಯಿ ಹಾಕಿದ, ಇನ್ನೊಬ್ಬ ಅವಳ ಗರಿ ಚೆನ್ನಾಗಿದೆ ಎಂದ, ಮತ್ತೆ ತಾವು, ಘನತೆವೆತ್ತ ಪಡೆನಾಯಕರು, ‘ನೋಡೋಣಮ್ಮ’ ಎಂದಿರಿ. ಬೆರಳು ನನ್ನದೇ ಇರಬಹುದು, ಆದರೆ ಆ ಮಾತು ತಮ್ಮ ಭುಜದ ಅಗಲದಿಂದ ಬಂದದ್ದೆಂದೇ ನನ್ನ ನಂಬಿಕೆ. ನಾವು ಮುಂದಿನಿಂದ ನುಗ್ಗಿ ಎಲ್ಲರೂ ಸತ್ತೆವು. ಆಮೇಲೆ ಅವಳು ತಮಗೆ ಬರೆದಳು: ‘ಅಣ್ಣ, ಇಲ್ಲಿ ಯಾರೂ ನನ್ನ ಮಾತು ಪೂರ್ತಿ ಕೇಳಲ್ಲ. ಹೀಗಾದ್ರೆ ಹೇಗೆ ಕೆಲಸ ಮಾಡೋದು?’ ಆ ಸಾಲನ್ನು ಓದಿ ನಾನು ಬಹಳ ಹೊತ್ತು ನಕ್ಕೆ, ಆಮೇಲೆ ನಗು ತಾನಾಗಿ ನಿಂತಿತು.

ಈಗ ಮುಖ್ಯ ವಿಷಯ. ನಮ್ಮ ಲಾಂಡ್ರಿಯ ಸೂಪರ್‌ವೈಸರ್ ನಿವೃತ್ತರಾದ ಮೇಲೆ ಅವರ ಕೆಲಸ ನಾನು ಮಾಡುತ್ತಿದ್ದೇನೆ, ಅವರ ಕುರ್ಚಿಯ ಮೇಲೆ ಮ್ಯಾನೇಜರ ಕೊಡೆ ಕೂತಿದೆ. ನನಗೆ ಆ ಕುರ್ಚಿ ಬೇಕು. ಇದನ್ನು ಮನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ, ಈ ಪತ್ರದಲ್ಲಿ ಹೇಳಿ ನೋಡಿದೆ, ಏನೂ ಆಗಲಿಲ್ಲ. ಮೊನ್ನೆ ಮಿಂಚುಳ್ಳಿಯ ಸಂದೇಶ ಬಂತು: ‘ಅಣ್ಣ, ನಮ್ಮಲ್ಲಿ ಸೂಪರ್‌ವೈಸರ್ ಜಾಗ ಖಾಲಿ ಇದೆ. ನಿಮ್ಮಂಥೋರೇ ಬೇಕು. ಸೋಮವಾರ ಬೆಳಿಗ್ಗೆ ಬಂದು ಮಾತಾಡಿ, ಇಲ್ಲಾಂದ್ರೆ ನನ್ನ ಭಾವಮೈದುನನ್ನೇ ಹಾಕ್ಬೇಕಾಗುತ್ತೆ. ಕೆಲಸ ಏನೂ ಕಷ್ಟ ಇಲ್ಲ. ಇಲ್ಲೊಬ್ಬರು ಹೆಂಗಸಿದಾರೆ, ಎಲ್ಲ ತೋರಿಸಿಕೊಡ್ತಾರೆ.’

ಮಾನ್ಯರೇ, ಆ ಹೆಂಗಸು ಯಾರೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಸೋಮವಾರ ತಾವು ದಯಮಾಡಿಸಿ ಪರದೆಯಿಂದ ಹೊರಗೆ ಬರಬೇಕು. ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿಯುತ್ತೀರಿ, ನಿಂತೇ ಬರುವುದು ಉತ್ತಮ. ಕೊಡಲಿಗಳನ್ನು ವಾಚ್‌ಮನ್ ಬಳಿ ಬಿಟ್ಟು, ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬಂದು, ಏನೂ ಮಾತಾಡದೆ ಕೂತರೆ ಸಾಕು, ಕೆಲಸ ಸಿಕ್ಕೇ ಸಿಗುತ್ತದೆ. ಬರಲಾಗದಿದ್ದಲ್ಲಿ ತಮ್ಮ ಗಡ್ಡವನ್ನಾದರೂ ಒಂದು ಗಂಟೆಯ ಮಟ್ಟಿಗೆ ಕಡ ಕೊಡಬೇಕು. ಒಗೆದು, ಇಸ್ತ್ರಿ ಮಾಡಿ, ಮಡಿಸಿ ಹಿಂತಿರುಗಿಸುತ್ತೇನೆ, ಆ ಕೆಲಸದಲ್ಲಿ ನಾನು ಎತ್ತಿದ ಕೈ. ಅದೂ ಆಗದಿದ್ದರೆ ನನಗೆ ಉಳಿಯುವುದು ನನ್ನ ಧ್ವನಿಯೊಂದೇ, ಅದು ಕೆಟ್ಟಿಲ್ಲ.

ನಾನು ಹೀಗೆ ಕೈ ಕೈ ಹಿಸುಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದ ನಮ್ಮ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರಿಗೆ ತಮ್ಮ ಮೇಲೆ ಬಹಳ ಅಭಿಮಾನ. ‘ಸೊಸೆಗಿಂತ ಇವನೇ ವಾಸಿ, ಎದ್ದೇಳು ಅಂದ ತಕ್ಷಣ ಏಳ್ತಾನೆ’ ಎನ್ನುತ್ತಿರುತ್ತಾರೆ. ಎಲ್ಲ ಕೇಳಿದ ಮೇಲೆ ಅವರು, ‘ಅವನು ಬರಲ್ಲ ಅಂದ್ರೆ ನೀನೇ ಹೋಗೇ. ಹೇಗೂ ಅವನ ಕೆಲಸ ಎಲ್ಲ ಮಾಡೋಳು ನೀನೇ’ ಎಂದು ಹೇಳಿ ಟೀವಿ ನೋಡಲು ಎದ್ದುಹೋದರು. ನಾನು ತಮ್ಮ ಹೆಸರಿನಲ್ಲಿ ‘ಸೋಮವಾರ ಬರುತ್ತೇನೆ’ ಎಂದು ಉತ್ತರ ಬರೆದೆ.

ಈ ಪತ್ರವನ್ನು ನಮ್ಮ ಪಡೆಯ ಸಭಾಂಗಣದ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಿದ್ದೇನೆ. ಮಿಂಚುಳ್ಳಿ ನಮ್ಮ ಮ್ಯಾನೇಜರು ಎಂಬ ಸಂಗತಿ ಅತ್ಯಂತ ಗೋಪ್ಯವಾದ್ದರಿಂದ ಓದಿದ ನಲವತ್ತೂ ಮಂದಿ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕಾಗಿ ವಿನಂತಿ. ಗುಡುಗಣ್ಣನಿಗೆ ಮೊಣಕಾಲು ನೋವಿದೆಯೆಂದು ತಿಳಿದು ಯಾರಾದರೂ ಪಡೆ ಬಿಡುವುದಾದರೆ ಬಿಡಬಹುದು. ಉಳಿದವರು ಎಂದಿನಂತೆ ಸಂಜೆ ಸೇತುವೆಯ ಬಳಿ ಸೇರತಕ್ಕದ್ದು.

ಇಂತಿ,
ತಮ್ಮ ಬೆರಳು, ತಮ್ಮ ಬುದ್ಧಿ, ಹಾಗೂ ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಇಲ್ಲೊಬ್ಬರು ಹೆಂಗಸು

ಮರೆತ ಮಾತು: ಮಿಂಚುಳ್ಳಿ ತಂಗೀ, ಸೋಮವಾರ ಬಾಗಿಲು ತೆರೆದಾಗ ಗಡ್ಡ ಹುಡುಕಬೇಡ. ಕುರ್ಚಿಯ ಮೇಲಿನ ಕೊಡೆ ತೆಗೆದಿಡು, ನನ್ನ ಮಾತು ಮುಗಿಯುವವರೆಗೆ ಕೇಳು. ಗುಹೆಗೆ ಮೇಲಿನಿಂದ ಇಳಿಯುವ ನಿನ್ನ ಉಪಾಯ ಸರಿಯಾಗಿಯೇ ಇತ್ತು, ಅದನ್ನು ಈ ವಾರ ನಾನೂ ಪೂರ್ತಿ ಕೇಳುತ್ತೇನೆ. ಇಷ್ಟಾದ ಮೇಲೂ ನಿನ್ನ ಬಾಯಿಂದ ‘ನೋಡೋಣಮ್ಮ’ ಎಂದು ಬಂದರೆ ಬರಲಿ, ಬೇಸರವಿಲ್ಲ. ಸಂಜೆ ಏಳು ತಲೆಯ ಹಲ್ಲಿ ಬಂದಾಗ ನಿನ್ನ ಮುಂದೆ ಜೋಡಿ ಕೊಡಲಿ ಹಿಡಿದು ಅಡ್ಡ ನಿಲ್ಲುವವರು ಯಾರೆಂದು ಆಗ ನೋಡೋಣ.