ಚಂದ್ರಿಯ ಕಿವಿ

ಕುದುರೆ ಪಳಗಿಸುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳದಿದ್ದರೂ ನಿಮಗೆ ಬೇಗ ಗೊತ್ತಾಗುತ್ತದೆ. ತೊಂಬತ್ತರ ದಶಕದಲ್ಲಿ, ಆಟೋಗಳು ಇನ್ನೂ ನಮ್ಮ ಅನ್ನಕ್ಕೆ ಪೂರ್ತಿ ಕೈ ಹಾಕಿರದ ಕಾಲದಲ್ಲಿ, ಶ್ರೀರಂಗಪಟ್ಟಣದ ಕೋಟೆಯಿಂದ ಗುಂಬಜ್‌ವರೆಗೆ ಜಟಕಾ ಓಡಿಸುತ್ತಿದ್ದವನು ನಾನು. ಕಿರಂಗೂರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಎತ್ತು ಪಳಗಿಸಿದ್ದೇ ಪಳಗಿಸಿದ್ದು. ಆ ವಿದ್ಯೆಯ ಮುಕ್ಕಾಲು ಪಾಲು ಗಂಟಲಲ್ಲಿರುತ್ತದೆ. ನಾನು ಬದುವಿನ ಮೇಲೆ ನಿಂತು "ಲೇ" ಅಂದರೆ ನಮ್ಮ ಎತ್ತಷ್ಟೇ ಅಲ್ಲ, ಪಕ್ಕದ ಗದ್ದೆಯವರ ಎತ್ತೂ ನಿಲ್ಲುತ್ತಿತ್ತು. ನನ್ನ ಹಳೇ ಕುದುರೆ ರಾಜನಿಗೂ ಇದೇ ಪಾಠ. ಮಹಾ ಸೋಮಾರಿ, ಬೈದರೆ ನಡೆದಾನು, ಇಲ್ಲದಿದ್ದರೆ ನಿಂತಲ್ಲೇ ತೂಕಡಿಕೆ.

ರಾಜನಿಗೆ ವಯಸ್ಸಾಯಿತೆಂದು ಚಿನಕುರಳಿಯ ನನ್ನ ಮಾವ ಚಂದ್ರಿ ಎಂಬ ಹೆಣ್ಣು ಕುದುರೆಯನ್ನು ಕಳಿಸಿದರು. ಜೊತೆಗೊಂದು ಮಾತು: "ಯುಗಾದಿಗೆ ಇದ್ನ ಗಾಡಿಗೆ ಕಟ್ಕಂಡು ನಮ್ಮೂರ್ಗೆ ಬನ್ನಿ. ಆಗ್ದಿದ್ರೆ ವಾಪಸ್ ಕೊಡಿ, ಕ್ವಾರಿಯೋರು ಕಲ್ಲು ಎಳ್ಸಕ್ಕೆ ಕೇಳ್ತಾವ್ರೆ." ಆ ಎಳೆಯ ಮೈಯನ್ನು ಕಲ್ಲು ಎಳೆಯಲು ಕಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನವೇ ಗಾಡಿಗೆ ಕಟ್ಟಿ ರಾಜನ ಪಾಠ ಶುರು ಮಾಡಿದೆ. ಮೊದಲ "ಲೇ"ಗೇ ಚಂದ್ರಿ ಗಡಗಡ ನಡುಗಿ ಹಿಂದಕ್ಕೆ ಸರಿದಳು. ಗಾಡಿ ಹಿಂದೆ ಬೀದಿಬದಿಯಲ್ಲಿದ್ದ ಸೌತೆಕಾಯಿ ಅಂಗಡಿಯೊಳಗೆ ಹೋಗಿ ನಿಂತಿತು. ಜೋರಾಗಿ ಕೂಗಿದಷ್ಟೂ ಹಿಂದಕ್ಕೆ. ಪಕ್ಕದ ಮನೆಯ ಸಿದ್ದೇಗೌಡ, "ಏನ್ಲಾ, ಮಾವನ ಮನೆಗೆ ಇಂಗೇ ಒಂಟ್ಬುಟ್ಯಾ?" ಅಂದ.

ಒಂದು ಬೆಳಿಗ್ಗೆ ನನ್ನ ಹೆಂಡತಿ ಪುಟ್ಟಮ್ಮ ಹಾಲು ಕರೆಯುತ್ತಾ, ನನ್ನ ಅಕ್ಕನ ಮೇಲಿನ ದೂರನ್ನೆಲ್ಲ ಸಣ್ಣ ದನಿಯಲ್ಲಿ ಹಸುವಿಗೆ ಒಪ್ಪಿಸುತ್ತಿದ್ದಳು. ಚಂದ್ರಿ ಎರಡೂ ಕಿವಿ ಅತ್ತ ತಿರುಗಿಸಿ, ತಲೆ ತಗ್ಗಿಸಿ, ಆರಾಮಾಗಿ ನಿಂತಿದ್ದಳು. ನನಗೆ ಹೊಳೆಯಿತು: ರಾಜನಿಗೆ ಬೈಗುಳ, ಇವಳಿಗೆ ಹರಟೆ. ಅಂದಿನಿಂದ ಗಾಡಿ ಕಟ್ಟುವಾಗೆಲ್ಲ ಅಕ್ಕನ ಮೇಲೆ ನಾನೇ ಮೆತ್ತಗೆ ದೂರು ಹೇಳತೊಡಗಿದೆ. ಚಂದ್ರಿ ಮುಂದಕ್ಕೆ ಹೆಜ್ಜೆ ಹಾಕಿದಳು. ಆದರೆ ಕೊಟ್ಟಿಗೆ ಅಡುಗೆಮನೆಗೆ ಅಂಟಿಕೊಂಡಿದ್ದರಿಂದ ಮನೆಯೊಳಗೂ ದನಿ ಎತ್ತುವ ಹಾಗಿರಲಿಲ್ಲ. ಮೊದಲು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ನಾನು, ಸಾರಿಗೆ ಉಪ್ಪಿಲ್ಲ ಅನ್ನುವುದನ್ನೂ ಪಿಸುಗುಟ್ಟಬೇಕಾಯಿತು.

ಯುಗಾದಿಯ ದಿನ ಪುಟ್ಟಮ್ಮನನ್ನು ಕೂರಿಸಿಕೊಂಡು ಹೊರಟೆ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬೆನ್ನ ಹಿಂದೆಯೇ ಹಾರನ್ ಹೊಡೆಯಿತು. ಚಂದ್ರಿ ನಡುಗಿ ನಿಂತಳು. ನಾಲಿಗೆ ತುದಿಗೆ ಬಂದ "ಲೇ"ಯನ್ನು ನುಂಗಿಕೊಂಡು, "ಅಲ್ಲ ಕಣವ್ವ, ನಮ್ಮಕ್ಕ ಮಾಡಿದ್ದು ಸರಿಯಾ ಅಂತ ನೀನೇ ಏಳು" ಅಂದೆ. ಕಿವಿ ಹಿಂದಕ್ಕೆ ತಿರುಗಿತು, ಕಾಲು ಮುಂದಕ್ಕೆ ಬಿತ್ತು. ಮಾವನ ಜಗುಲಿ ತುಂಬ ಹಿರಿಯರು ಕೂತಿದ್ದರು. ಅವರೆದುರು ಗಾಡಿ ನಿಲ್ಲಿಸಿ ಇಳಿದಾಗ ಪಟ್ಟಷ್ಟು ಹೆಮ್ಮೆಯನ್ನು ನಾನು ಮದುವೆಯ ದಿನವೂ ಪಟ್ಟಿರಲಿಲ್ಲ.

ಮಾವ ಚಂದ್ರಿಯ ಕತ್ತು ಸವರಿ, ಮಗಳ ಕಡೆ ತಿರುಗಿದರು. "ಏನವ್ವ, ಮನೇಲಿ ಇವ್ರ ಕೂಗಾಟ ನಿಂತೋಯ್ತಾ?"

"ಪೂರಾ ನಿಂತೋಯ್ತು ಕಣಪ್ಪ. ಸದ್ದಿಗೆ ಎದ್ರೋ ಕುದ್ರೇನೇ ಕಳ್ಸು ಅಂತ ಅದ್ಕೇ ಅಲ್ವಾ ನಾನ್ ಏಳಿದ್ದು" ಅಂದಳು ಪುಟ್ಟಮ್ಮ.

"ಮತ್ತೆ ಕ್ವಾರಿಯೋರು ಕೇಳಿದ್ದು?" ಅಂದೆ ನಾನು.

"ಅವ್ರತ್ರ ಲಾರಿ ಅದೆ ಬುಡಿ ಅಳಿಯಂದ್ರೇ."

ಇಬ್ಬರಿಗೂ ಸೇರಿಸಿ ಒಂದು ಸಲ ಜೋರಾಗಿ ಕೂಗೋಣವೆಂದು ಬಾಯಿ ತೆರೆದೆ. ಚಂದ್ರಿಯ ಎರಡೂ ಕಿವಿ ನನ್ನ ಕಡೆಗೇ ಇದ್ದವು. ಅವಳ ಪಕ್ಕಕ್ಕೆ ಹೋಗಿ, ಕತ್ತು ಸವರುತ್ತಾ, ಹೆಂಡತಿಯ ಮೇಲಿನ ದೂರನ್ನು ಸಣ್ಣ ದನಿಯಲ್ಲಿ ಚಂದ್ರಿಗೇ ಒಪ್ಪಿಸಿದೆ.