ಅತ್ತೆಯ ಹಳದಿ ಟ್ಯಾಂಕು

ನಮ್ಮ ಅತ್ತೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಯುದ್ಧಕ್ಕೆ ಹೋಗುತ್ತಿದ್ದರು. ನಂಬುವುದಿಲ್ಲವೇ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕಕ್ಕೆ ಕಟ್ಟಿದ ದಾರವನ್ನು ಬಿಗಿ ಮಾಡಿ, ಪುಣೆಯ ಹಡಪಸರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಟಿ.ವಿ. ಎದುರು ಚಕ್ಕಳಮಕ್ಕಳ ಹಾಕಿ ಕೂತರೆಂದರೆ ಟ್ಯಾಂಕು ಓಡಿಸುವುದೇ ಓಡಿಸುವುದು! ದೊಡ್ಡ ದೊಡ್ಡ ಸೇನಾಧಿಕಾರಿಗಳೂ ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತಾರೋ ಏನೋ. ನಮ್ಮ ಅತ್ತೆ ತೆಗೆಯುತ್ತಿರಲಿಲ್ಲ.

ಆ ದಿನವೂ ಹಾಗೆಯೇ ಕೂತಿದ್ದೆವು. ಅವರ ಕೈಯಲ್ಲಿ ವಿಡಿಯೋ ಗೇಮಿನ ಒಂದನೇ ನಂಬರಿನ ರಿಮೋಟು, ನನ್ನ ಕೈಯಲ್ಲಿ ಎರಡನೆಯದು. ನಾನು ರಾಂಜಣಗಾಂವದ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಆ ವಾರ ಸೆಕೆಂಡ್ ಶಿಫ್ಟ್ ಇತ್ತು. ಕಂಪನಿಯ ಬಸ್ಸು ಗಲ್ಲಿಯ ತುದಿಗೆ ಬಂದು ಹಾರ್ನ್ ಹೊಡೆಯುವ ತನಕ ಆಡುವುದು ನಮ್ಮ ವಾಡಿಕೆ. ಹಾರ್ನ್ ಕೇಳಿಸಿತು.

"ಅತ್ತಿ, ಬಸ್ ಬಂತ್ರಿ."

"ಹೋಗವ್ವ, ಹೋಗು. ನಾ ನಿಲ್ಸಿ ಇಡ್ತೀನಿ. ನೀ ಬಂದ ಮ್ಯಾಲ ಮುಗಸೋಣು. ಇವತ್ತ ಗ್ವಾಡಿ ಭಾಳ ಛಲೋ ಉಳದದ."

ಆಟ ನಿಲ್ಲಿಸುವ ಗುಂಡಿ ಒತ್ತಿ, ಎದ್ದು ಒಂದು ಹಳೆಯ ಟವೆಲ್ಲನ್ನು ಟಿ.ವಿ.ಯ ಮೇಲೆ ಹೊದಿಸಿದರು. ಕಟ್ಟಡದ ಕೆಲಸದಲ್ಲಿ ಹೊಸ ಕಾಂಕ್ರೀಟಿಗೆ ಗೋಣಿತಟ್ಟು ಹೊದಿಸುತ್ತಾರಲ್ಲ, ಹಾಗೆ! "ಹಸಿ ಗ್ವಾಡಿ. ಗಾಳಿಗಿಟ್ರ ಬಿರುಕು ಬಿಡ್ತದ" ಎಂದರು. ಟವೆಲ್ಲಿನ ಮೇಲೆ ನೀರು ಚಿಮುಕಿಸಲಿಲ್ಲ ಎನ್ನುವುದೊಂದೇ ಸಮಾಧಾನ. ನಾನು ಚಪ್ಪಲಿ ಮೆಟ್ಟಿ ಓಡಿದೆ. ಹಿಂತಿರುಗಿ ನೋಡಲಿಲ್ಲ. ದಿನಾ ಹೋಗಿ ದಿನಾ ಬರುವವಳು ಯಾಕೆ ಹಿಂತಿರುಗಿ ನೋಡಬೇಕು?

ಈ ಯುದ್ಧ ಶುರುವಾದದ್ದು ಹೇಗೆ ಎಂದು ಹೇಳುತ್ತೇನೆ. ಅತ್ತೆ ಯಾದಗಿರಿ ಕಡೆಯಿಂದ ಮದುವೆಯಾದ ಹೊಸದರಲ್ಲೇ ಪುಣೆಗೆ ಬಂದು, ಇಡೀ ಪ್ರಾಯವನ್ನು ಇಟ್ಟಿಗೆ ಹೊರುವುದರಲ್ಲಿ ಕಳೆದವರು. ಮೊಣಕಾಲು ಸೋತ ಮೇಲೆ ಮಕ್ಕಳು, ನನ್ನ ಗಂಡ ಮತ್ತು ಮೈದುನ, ಕೆಲಸ ಬಿಡಿಸಿದರು. ಬಿಡಿಸಿದರೆ ಬಿಡುತ್ತಾರೆಯೇ? ಪಕ್ಕದ ಸೊಸೈಟಿಯಲ್ಲಿ ಮೆಟ್ಟಿಲು ಗುಡಿಸುವ ಕೆಲಸ ಹಿಡಿದರು. ಅಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಒಂದು ಹಳೆಯ ವಿಡಿಯೋ ಗೇಮನ್ನು ಇವರ ಕೈಗಿಟ್ಟು, "ಆಜಿ, ಮೊಮ್ಮಕ್ಕಳಿಗೆ ಕೊಡಿ" ಎಂದರಂತೆ. ಅತ್ತೆಗೆ ಮೊಮ್ಮಕ್ಕಳಿರಲಿಲ್ಲ. ಬಂದ ಸಾಮಾನನ್ನು ಸುಮ್ಮನೆ ಇಡುವ ಜಾತಿಯೂ ಅವರದಲ್ಲ. ತಾವೇ ಮೊಮ್ಮಗುವಾದರು!

ಅದರ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಹಾಕಿ ನೋಡಿದರೆ ಅವೇ ನಾಲ್ಕೈದು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಕೂಲಿಯವರ ಹಾಜರಿ ಬರೆಯುವ ಮೇಸ್ತ್ರಿಗಳನ್ನು ಕಂಡಿದ್ದ ಅತ್ತೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ನಮ್ಮ ಮುಕಾದಮನ ಹಾಜರಿ ಹಿಂಗ ಇರ್ತಿತ್ತು. ಹೆಸರು ನೂರು, ಕೆಲಸದಾಗ ಐದ ಮಂದಿ" ಎಂದರು.

ಕ್ಯಾಸೆಟ್ಟು ಆಗಾಗ ಹಟ ಹಿಡಿಯುತ್ತಿತ್ತು. ತೆಗೆದು ಊದಿ ಹಾಕಬೇಕು. ಎಲ್ಲರೂ ಬಾಯಿಂದ ಊದುತ್ತಾರೆ. ನಮ್ಮ ಅತ್ತೆ ಊದುಗೊಳವೆ ತಂದರು! ಊರಿನ ಒಲೆಗೆಂದು ಇದ್ದದ್ದು, ಗ್ಯಾಸ್ ಬಂದ ಮೇಲೆ ಕೆಲಸವಿಲ್ಲದೆ ಅಟ್ಟದ ಮೇಲೆ ಬಿದ್ದಿತ್ತು. ಗಲ್ಲ ಉಬ್ಬಿಸಿ ಅವರು ಒಂದು ಸಲ ಊದಿದರೆಂದರೆ ಕ್ಯಾಸೆಟ್ಟಿನ ಧೂಳೆಲ್ಲ ನನ್ನ ಸಾರಿನ ಪಾತ್ರೆಯಲ್ಲಿ. ಆಟ ಮಾತ್ರ ತಕ್ಷಣ ಹತ್ತಿಕೊಳ್ಳುತ್ತಿತ್ತು.

ಇದ್ದ ನಾಲ್ಕೈದು ಆಟಗಳಲ್ಲಿ ಅವರು ಹಿಡಿದದ್ದು ಟ್ಯಾಂಕಿನ ಆಟವನ್ನು. ತೆರೆಯ ಕೆಳಗಡೆ ಒಂದು ಹಕ್ಕಿ, ಅದರ ಸುತ್ತ ಇಟ್ಟಿಗೆಯ ಗೋಡೆ. ಮೇಲಿನಿಂದ ವೈರಿ ಟ್ಯಾಂಕುಗಳು ಗುಂಡು ಹಾರಿಸುತ್ತ ಬರುತ್ತವೆ. ಅವು ಹಕ್ಕಿಯನ್ನು ಮುಟ್ಟಿದರೆ ಆಟ ಮುಗಿಯಿತು. ಒಬ್ಬರು ಆಡಿದರೆ ಹಳದಿ ಟ್ಯಾಂಕು ಒಂದೇ. ಇಬ್ಬರು ಆಡಿದರೆ ಜೊತೆಗೆ ಒಂದು ಹಸಿರು. ಅಷ್ಟೇ. ಆ ಹಕ್ಕಿ ಯಾರು, ವೈರಿಗಳಿಗೆ ಅದರ ಮೇಲೆ ಯಾಕೆ ಸಿಟ್ಟು, ಯಾವುದನ್ನೂ ಯಾರೂ ಹೇಳುವುದಿಲ್ಲ.

ನಾನು ಒಮ್ಮೆ ಕೇಳಿಯೇಬಿಟ್ಟೆ. "ಅತ್ತಿ, ಆ ಹಕ್ಕಿ ಯಾಕ ಹಾರಿ ಹೋಗಂಗಿಲ್ರಿ?"

ಅವರು ನನ್ನನ್ನು ತಿಳುವಳಿಕೆಯಿಲ್ಲದವಳಂತೆ ನೋಡಿದರು. "ಕಾವಿಗೆ ಕುಂತದಲ್ಲವ್ವ! ತತ್ತಿ ಬಿಟ್ಟು ಎಲ್ಲಿ ಹೋಗ್ತದ?"

ಅಂದಿನಿಂದ ನಾನೂ ಮೈಮರೆತು ಆಡತೊಡಗಿದೆ. ಕಾವಿಗೆ ಕೂತ ಹಕ್ಕಿಯನ್ನು ಹೇಗೆ ಬಿಟ್ಟುಕೊಡುವುದು, ಹೇಳಿ?

ಅತ್ತೆ ಎಂದೂ ಒಬ್ಬರೇ ಕೂತು ಆಡಿದವರಲ್ಲ. ಅದು ಕಟ್ಟಡದ ಕೆಲಸದ ರೂಢಿ. ಇಟ್ಟಿಗೆ ಹೊರುವ ಹೆಂಗಸರಿಗೆ ಒಬ್ಬಳು ಜೋಡಿ ಇರುತ್ತಾಳೆ. ಬುಟ್ಟಿ ಎತ್ತಿ ತಲೆಗಿಡುವವಳು ಅವಳೇ, ಇಳಿಸುವವಳೂ ಅವಳೇ. ಜೋಡಿ ಬರದೆ ಬುಟ್ಟಿಗೆ ಕೈ ಹಾಕುವಂತಿಲ್ಲ. ನನಗೆ ಫಸ್ಟ್ ಶಿಫ್ಟ್ ಇದ್ದ ವಾರ ಅವರು ಎರಡೂ ರಿಮೋಟುಗಳನ್ನು ಚಾಪೆಯ ಮೇಲೆ ಜೋಡಿಸಿಟ್ಟು, ನಾನು ಬರುವವರೆಗೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಒಬ್ಬರೇ ಆಡುವ ಆಟವೂ ಅದರಲ್ಲೇ ಇದೆ ಎಂದು ತೋರಿಸಿಕೊಟ್ಟೆ. "ಜೋಡಿ ಇಲ್ದ ನಾ ಕೆಲಸಕ್ಕ ನಿಂದ್ರಾಕಿ ಅಲ್ಲ" ಎಂದರು. ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಇನ್ನು ನಮ್ಮ ನೆರೆಯವಳ ಕಥೆ. ಅವಳು ಸೊಲ್ಲಾಪುರದ ಕಡೆಯವಳು. ಮನೆಮಾತು ಮರಾಠಿ, ಕನ್ನಡ ಅರ್ಧ ತಿಳಿಯುತ್ತದೆ. ಪೂರ್ತಿ ತಿಳಿದರೆ ತೊಂದರೆಯಿಲ್ಲ, ಏನೂ ತಿಳಿಯದಿದ್ದರೂ ತೊಂದರೆಯಿಲ್ಲ. ಅರ್ಧ ತಿಳಿಯುವುದೇ ಅಪಾಯ! ನನ್ನ ಗುಂಡು ತಪ್ಪಿ ಅತ್ತೆಯ ಟ್ಯಾಂಕಿಗೆ ತಗುಲಿದರೆ ಅದು ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಿತ್ತು. ಒಂದು ದಿನ ಹಾಗೆ ಆದಾಗ ಅತ್ತೆ ಗಲ್ಲಿಗೇ ಕೇಳುವಂತೆ ಕೂಗಿದರು.

"ಅಯ್ಯೋ, ಅತ್ತಿಗೇ ಹೊಡಿತಿ ಏನ ಯವ್ವಾ! ಅವ್ರಿಗಿ ಹೊಡಿ, ನನಗ್ಯಾಕ ಹೊಡಿತಿ!"

ಬಾಗಿಲು ಧಡಾರನೆ ತೆರೆಯಿತು. ಲಟ್ಟಣಿಗೆ ಹಿಡಿದು ನೆರೆಯವಳು ನಿಂತಿದ್ದಾಳೆ! "ಮ್ಹಾತಾರೀಲಾ ಮಾರ್ತೇಸ್ ಕಾ ಗ?" ಮುದುಕಿಗೆ ಹೊಡೆಯುತ್ತೀಯಾ ಎಂದು ನನ್ನ ಮೇಲೆಯೇ ಬಂದಳು. ಅತ್ತೆ ತಲೆ ಕೂಡ ಎತ್ತದೆ, "ಏ ಬಾಯಿ, ಅಡ್ಡ ನಿಂದ್ರಬ್ಯಾಡ, ಹಕ್ಕಿ ಕಾಣ್ಸವಲ್ದು" ಎಂದರು. ಅವಳು ಸರಿದು ಕೂತಳು. ಕೂತವಳು ಆಟ ಮುಗಿಯುವ ತನಕ ಏಳಲಿಲ್ಲ. ಅವಳ ಮನೆಯಲ್ಲಿ ಅಂದು ಚಪಾತಿಯಾದದ್ದು ಬಹಳ ತಡವಾಗಿ. ಆಮೇಲೆ ದಿನಾ ನೀರು ತುಂಬುವಾಗ ನಮ್ಮ ಬಾಗಿಲಲ್ಲಿ ಇಣುಕಿ, ಹಕ್ಕಿ ಚೆನ್ನಾಗಿದೆಯಾ ಎಂದು ತನ್ನ ಕಲಬೆರಕೆ ಮಾತಿನಲ್ಲಿ ಕೇಳುತ್ತಿದ್ದಳು: "ಮಾವಶೀ, ಹಕ್ಕಿ ಛಲೋ ಅದ ಕಾಯ್?"

ಮೈದುನನಿಗೆ ಇದೆಲ್ಲ ಅವಮಾನವೆನಿಸುತ್ತಿತ್ತು. ಅವನು ಐಟಿ ಪಾರ್ಕಿನಲ್ಲಿ ಎಸಿ ರಿಪೇರಿ ಮಾಡುತ್ತಾನೆ. ಅಲ್ಲಿಯ ಹುಡುಗರ ಜೊತೆ ಸೇರಿ ದೊಡ್ಡ ದೊಡ್ಡ ಆಟಗಳ ರುಚಿ ಹತ್ತಿತ್ತು. ಕಂತಿನಲ್ಲಿ ಹೊಸ ಯಂತ್ರವನ್ನೇ ತಂದ. "ಅವ್ವಾ, ಆ ಡಬ್ಬಾ ಬಿಡು. ಇದ್ರಾಗ ಕತಿ ಅದ. ಸಿನೆಮಾ ಇದ್ದಂಗ. ನೋಡಿದ್ರ ಅಳು ಬರ್ತದ" ಎಂದ.

"ಅಳ್ಲಿಕ್ಕಿ ರೊಕ್ಕಾ ಕೊಟ್ಟು ತಂದೀಯೇನೋ?"

ಆಟ ಶುರುವಾಯಿತು. ಶುರುವಾಯಿತು ಎನ್ನುವುದು ಮೈದುನನ ಮಾತು. ಒಬ್ಬ ಗಡ್ಡದವನು ಬೆಟ್ಟದ ಮೇಲೆ ನಿಂತು ಮಾತಾಡಿದ. ಇಳಿದು ಬಂದು ಮಾತಾಡಿದ. ಕುದುರೆಯ ಮೇಲೆ ಕೂತು ಮಾತಾಡಿದ. ಅತ್ತೆ ರಿಮೋಟು ಹಿಡಿದು ಕಾದೇ ಕಾದರು. "ಇಂವ ಬರೇ ಮಾತಾಡ್ಲಕತ್ತಾನ. ಕೆಲಸಕ್ಕ ಯಾವಾಗ ಹಚ್ತಾನ?"

"ತಡಿಯವ್ವಾ. ಅವನ ಅಪ್ಪನ್ನ ಕೊಂದಾರ. ಸೇಡು ತೀರಿಸ್ಲಿಕ್ಕಿ ಹೊಂಟಾನ."

"ಯಾವಾಗ ಕೊಂದ್ರು?"

"ನಿನ್ನಿ."

ಅತ್ತೆ ರಿಮೋಟು ಕೆಳಗಿಟ್ಟರು. "ಅಪ್ಪ ಸತ್ತು ಒಂದಿನ ಆಗಿಲ್ಲ, ಕುದುರಿ ಹತ್ತಿ ಹೊಂಟಾನ! ದಿನಕರ್ಮ ಮಾಡೋರು ಯಾರು? ಇವನ ಮನ್ಯಾಗ ಹಿರೇರು ಇಲ್ಲೇನು?"

ಸಮಾಧಾನ ಮಾಡಿ ಮತ್ತೆ ಕೂಡಿಸಿದೆವು. ಗಡ್ಡದವನು ಒಂದು ಹಳ್ಳಿಗೆ ಹೋದ. ಯಾರದೋ ಮನೆಗೆ ನುಗ್ಗಿ ಗಡಿಗೆ ಒಡೆದು, ಒಳಗಿದ್ದದ್ದನ್ನು ಚೀಲಕ್ಕೆ ಹಾಕಿಕೊಂಡ. "ಇಂವ ಹೀರೋ ಏನೋ? ಕಳ್ಳ ಅಲ್ಲ?" ಎಂದರು ಅತ್ತೆ. ಆ ಆಟದಲ್ಲಿ ಅವರಿಗೆ ಹಿಡಿಸಿದ್ದು ಕುದುರೆ ಒಂದೇ. ಸೇಡು ತೀರಿಸುವುದನ್ನು ಬಿಟ್ಟು, ಕುದುರೆಯನ್ನು ಒಂದು ಹಳ್ಳದ ದಂಡೆಗೆ ನಡೆಸಿಕೊಂಡು ಹೋಗಿ, ಮರದ ನೆರಳಿನಲ್ಲಿ ನಿಲ್ಲಿಸಿದರು. "ಮುಂಜಾನಿಂದ ಓಡ್ಲಕತ್ತದ ಪಾಪ. ಇಲ್ಲಿ ನಿಂದ್ರಲಿ" ಎಂದು ರಿಮೋಟನ್ನು ಮಗನ ಕೈಗಿಟ್ಟು ಎದ್ದುಬಿಟ್ಟರು.

ಬಾಗಿಲ ಹತ್ತಿರ ಹೋದವರು ತಿರುಗಿ ಒಂದು ಮಾತು ಹೇಳಿದರು. "ನಿನ್ನ ಆಟದಾಗ ಕತಿ ಅವ್ರು ಹೇಳ್ತಾರ, ನಾವು ಕೇಳ್ಬೇಕು. ನಂದ್ರಾಗ ಹಂಗಿಲ್ಲ. ಹಕ್ಕಿ ಕಾವಿಗೆ ಕುಂತದ. ಅಷ್ಟ ಕತಿ. ಉಳದದ್ದು ನಾ ಹೇಳ್ತೀನಿ."

ಹೇಳುತ್ತಲೂ ಇದ್ದರು! ಟ್ಯಾಂಕು ಓಡಿಸುತ್ತ ಅವರು ಹೇಳಿದ ಮಾತುಗಳು ಒಂದೇ ಎರಡೇ? ಮಗುವನ್ನು ಮರಳಿನ ಗುಡ್ಡೆಯ ಪಕ್ಕ ಮಲಗಿಸಿ ಇಟ್ಟಿಗೆ ಹೊತ್ತದ್ದು, ಪ್ರತಿ ಸುತ್ತಿಗೂ ಮಗು ಕಾಣುವ ದಾರಿಯಿಂದಲೇ ಹಾದುಹೋಗುತ್ತಿದ್ದದ್ದು, ಹಡಪಸರದಲ್ಲಿ ತಾವು ಕಟ್ಟಿದ ಕಟ್ಟಡಗಳ ಒಳಗೆ ಆಮೇಲೆ ವಾಚಮನ್ ಬಿಡದೇ ಹೋದದ್ದು. ಎದುರುಬದುರು ಕೂತಿದ್ದರೆ ಇವನ್ನೆಲ್ಲ ಸೊಸೆಗೆ ಹೇಳುತ್ತಿದ್ದರೋ ಇಲ್ಲವೋ. ಇಬ್ಬರ ಕಣ್ಣೂ ಟಿ.ವಿ.ಯ ಮೇಲಿದ್ದದ್ದರಿಂದ ಹೇಳಿದರು. ನನಗೆ ಮಕ್ಕಳಾಗಲಿಲ್ಲ ಎಂಬ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದೂ ಆ ಆಟದ ನಡುವೆಯೇ. ಅವರು ಆಟ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ನಿನ್ನ ಕಡಿ ಗ್ವಾಡಿ ನಾ ನೋಡ್ತೀನಿ, ನೀ ಕಣ್ಣು ಒರೆಸ್ಕೊ" ಎಂದರು. ಅಳುವುದಕ್ಕೆ ಅಷ್ಟು ಜಾಗ ಬಿಡುವ ಆಟ ಮೈದುನನ ಯಂತ್ರದಲ್ಲಿ ಉಂಟೇ? ಅದರ ತುಂಬ ಆ ಗಡ್ಡದವನ ದುಃಖವೇ ಇದೆ. ನಮ್ಮದನ್ನು ಎಲ್ಲಿ ಇಡುವುದು?

ಅತ್ತೆ ಟಿ.ವಿ.ಗೆ ಟವೆಲ್ಲು ಹೊದಿಸಿದ ಆ ಸೆಕೆಂಡ್ ಶಿಫ್ಟಿನ ದಿನ ನೆರೆಯವಳು ಕಂಪನಿಗೆ ಫೋನ್ ಮಾಡಿದಳು. ಅತ್ತೆ ಅವಳ ಜೊತೆ ಚಹಾ ಕುಡಿಯುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ನಾನು ಆಸ್ಪತ್ರೆ ಮುಟ್ಟಿದಾಗ ಮಾತು ಹೋಗಿತ್ತು. ಬಲಗೈಯನ್ನು ಹಿಡಿದುಕೊಂಡೆ. ಗುಂಡಿ ಒತ್ತಿ ಒತ್ತಿ ಹೆಬ್ಬೆರಳಿನ ತುದಿ ಗಟ್ಟಿಯಾಗಿತ್ತು. ಅವರು ಮನೆಗೆ ಬರಲಿಲ್ಲ.

ಊರಿನಿಂದ ಮಂದಿ ಬಂದರು. ಮನೆ ತುಂಬಿತು. ಯಾರೋ ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಬೇಕೆಂದು ಟಿ.ವಿ.ಯ ವೈರನ್ನೂ ಆಟದ ಡಬ್ಬದ ವೈರನ್ನೂ ಕಿತ್ತರು. ಅವರಿಗೇನು ಗೊತ್ತು? ಎಲ್ಲರೂ ಹೋದ ಮೇಲೆ ನಾನು ಟವೆಲ್ ತೆಗೆದು ನೋಡಿದೆ. ತೆರೆ ಕಪ್ಪಗಿತ್ತು. ಆ ಹಳೆಯ ಆಟ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಕರೆಂಟು ಹೋದರೆ ಆಡಿದ್ದೆಲ್ಲ ಹೋಯಿತು. ಅತ್ತೆಯ ಕೊನೆಯ ಗೋಡೆ, ಭಾಳ ಛಲೋ ಉಳಿದಿದ್ದ ಗೋಡೆ, ಹೋಯಿತು.

ದಿನಕರ್ಮ ಮುಗಿಯುವವರೆಗೆ ಯಾರೂ ಟಿ.ವಿ. ಮುಟ್ಟಲಿಲ್ಲ. ಗಡ್ಡದವನಿಗೆ ಅಷ್ಟು ಬೈದವರ ಮನೆಯವರಲ್ಲವೇ ನಾವು? ಆಮೇಲೆ ಒಂದು ದಿನ ಮೈದುನ ನನ್ನನ್ನು ಕರೆದ. "ವೈನಿ, ಇಲ್ಲಿ ಬರ್ರಿ. ಇದನ್ನ ನೋಡ್ರಿ." ಅವನ ದೊಡ್ಡ ಆಟ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. ಹಳ್ಳದ ದಂಡೆಯಲ್ಲಿ, ಮರದ ನೆರಳಿನಲ್ಲಿ, ಅತ್ತೆ ನಿಲ್ಲಿಸಿದ್ದ ಕುದುರೆ ನಿಂತಿತ್ತು. ಬಾಲ ಆಡಿಸುತ್ತಿತ್ತು. "ಅವತ್ತಿಂದ ನಾ ಮುಂದ ಆಡೇ ಇಲ್ರಿ. ಆಡಿದ್ರ ಇದು ಇಲ್ಲಿಂದ ಹೊಂಟು ಹೋಗ್ತದ" ಎಂದ. ನೋಡಿದರೆ ಅಳು ಬರುತ್ತದೆ ಎಂದಿದ್ದನಲ್ಲ, ಆ ಮಾತೊಂದು ನಿಜವಾಯಿತು.

ನಾನು ನಮ್ಮ ಹಳೆಯ ಡಬ್ಬಕ್ಕೇ ಮರಳಿದೆ. ಊದುಗೊಳವೆಯಿಂದ ಊದಿ ಕ್ಯಾಸೆಟ್ ಹಾಕುತ್ತೇನೆ. ಒಬ್ಬರ ಆಟಕ್ಕೆ ಕೈ ಹೋಗುವುದಿಲ್ಲ, ಇಬ್ಬರದನ್ನೇ ಹಚ್ಚುತ್ತೇನೆ. ಒಂದನೇ ನಂಬರಿನ ರಿಮೋಟು ಚಾಪೆಯ ಮೇಲೆ ಅದರ ಜಾಗದಲ್ಲಿರುತ್ತದೆ. ಹಳದಿ ಟ್ಯಾಂಕು ಬಂದು ನಿಂತಲ್ಲೇ ನಿಲ್ಲುತ್ತದೆ. ಮೇಲಿನಿಂದ ವೈರಿಗಳು ಇಳಿಯುತ್ತಾರೆ. ನಾನು ಹಸಿರು ಟ್ಯಾಂಕನ್ನು ಮುಂದೆ ಓಡಿಸುವುದಿಲ್ಲ. ಒಮ್ಮೆ ಹಕ್ಕಿಯ ಮುಂದೆ, ಒಮ್ಮೆ ಹಳದಿ ಟ್ಯಾಂಕಿನ ಮುಂದೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತೇನೆ. ಬಹಳ ಹೊತ್ತು ಉಳಿಸಲು ಆಗುವುದಿಲ್ಲ.

ನಿನ್ನೆ ನೆರೆಯವಳು ನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತಳು. ಏನು ಕೇಳಬೇಕೆಂದು ತಿಳಿಯದೆ ಹಳೆಯದನ್ನೇ ಕೇಳಿದಳು.

"ಹಕ್ಕಿ ಛಲೋ ಅದ ಕಾಯ್?"

"ಅದರಿ" ಎಂದೆ.

ಹಕ್ಕಿ ಇದೆ. ಗೋಡೆ ಇದೆ. ಹಳದಿ ಟ್ಯಾಂಕೂ ಇದೆ. ಅದನ್ನು ಓಡಿಸುವವರು ಇಲ್ಲ.