ಗುಂಡಿಯೊಳಗೆ ನಲವತ್ತು ವರ್ಷ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಪತ್ರಿಕಾ ಕಚೇರಿಯ ಚಿತ್ರಸಂಗ್ರಹದ ಕೋಣೆಗೆ ಮಾರಾಟಗಾರನೊಬ್ಬ ಅಂಗಿ ಗುಂಡಿಯಷ್ಟು ಚಿಕ್ಕ ಡಿಸ್ಕ್ ಹಿಡಿದು ಬಂದ. ನಲವತ್ತು ವರ್ಷಗಳ ಒಂದು ಲಕ್ಷ ಎಂಬತ್ತು ಸಾವಿರ ಚಿತ್ರಗಳೂ ಅದರಲ್ಲಿ ಹಿಡಿಯುತ್ತವೆ ಎಂದ.

"ಆಮೇಲೂ ಮುಕ್ಕಾಲು ಭಾಗ ಖಾಲಿ ಇರುತ್ತೆ ಸಾರ್!"

ಮ್ಯಾನೇಜರ್ ಆಗಲೇ ಕೋಣೆಯ ಅಳತೆ ತೆಗೆಸುತ್ತಿದ್ದರು. ಮಾತು ನಿಜವಾದರೆ ಹಾರ್ಡ್ ಡಿಸ್ಕ್ ತುಂಬಿದ ಕಪಾಟುಗಳು ಗುಜರಿಗೆ, ಕೋಣೆ ಮೀಟಿಂಗಿಗೆ, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತಿದ್ದ ಗುಮಾಸ್ತರು ಕೆಳಗಿನ ಜಾಹೀರಾತು ಕೌಂಟರಿಗೆ. ಕಚೇರಿಯಲ್ಲಿ ಅವರಿಗೆ ಅನುಮಾನರಾಯರೆಂದೇ ಹೆಸರು.

"ಆನೇನ ಚೊಂಬಲ್ಲಿ ಕೂರಿಸಿದೀನಿ ಅಂತೀಯ. ಸೊಂಡಿಲಾದ್ರೂ ಹೊರಗೆ ಕಾಣ್ಬೇಕಲ್ಲಪ್ಪಾ?" ಎಂದರು ರಾಯರು.

"ಬಿಡ್ರೀ, ಸೂರ್ಯ ಹುಟ್ಟಿದ್ರೂ ರಾಯರಿಗೆ ಎರಡು ಸಾಕ್ಷಿ ಬೇಕು" ಎಂದ ಕರಡು ತಿದ್ದುವವನು, ಬಾಗಿಲಿಗೆ ಒರಗಿಕೊಂಡು.

ಟೈಪಿಂಗ್ ವಿಭಾಗದ ಅಕ್ಕನೂ ಬಂದಳು. "ನನ್ನ ತಮ್ಮನ ಹತ್ರ ಇಂಥದ್ದೇ ಇದೆ. ಎಷ್ಟು ತುಂಬಿದ್ರೂ ತುಂಬಲ್ವಂತೆ."

"ತುಂಬಿದ್ದನ್ನ ತೆರೆದು ನೋಡಿದಾನಾ?"

"ಯಾಕ್ ನೋಡ್ಬೇಕು ರಾಯರೇ? ಒಳಗೇ ಇದೆಯಲ್ಲ!"

ಹೊಸ ಚಿತ್ರಗಳಿಂದ ಶುರುವಾಗಿ ಡಿಸ್ಕಿಗೆ ನಕಲು ಹಳೆಯವುಗಳತ್ತ ಸಾಗಿತು. ಒಂದೂ ಮುಕ್ಕಾಲಿಗೆ ಮುಗಿಯಿತು. ಪರದೆಯ ಮೇಲೆ ಎಲ್ಲ ಚಿತ್ರಗಳ ಹೆಸರೂ ಸಾಲಾಗಿ ನಿಂತಿದ್ದವು. ಮಾರಾಟಗಾರ ಮೊದಲ ಮೂರನ್ನು ತೆರೆದ. ಮೂರೂ ಫಳಫಳ. ಚಪ್ಪಾಳೆ ಬಿತ್ತು. ಮ್ಯಾನೇಜರ್ ಕಪಾಟು ಹೊರುವವರಿಗೆ ಫೋನ್ ಮಾಡಿದರು.

"ಇವೆಲ್ಲ ಹೋದ ವಾರದ್ದು. ಒಂದು ಹಳೇದು ತೆಗಿ" ಎಂದರು ರಾಯರು.

"ನಂಬಿಕೆ ಇಡಿ ಸಾರ್."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದಾರೆ. ನಾನಿನ್ನೂ ಪ್ರತ್ಯಕ್ಷಾನೇ ಕಂಡಿಲ್ಲ."

ಮೌಸ್ ಕಿತ್ತುಕೊಂಡು ತಾವೇ ತೆರೆದರು. ಸೇತುವೆಯ ಉದ್ಘಾಟನೆ: ಬರೀ ಬೂದು ಚೌಕ. ಹಳೆಯ ಚದುರಂಗ ಚಾಂಪಿಯನ್: ಬೂದು. ಈಚಿನ ಮೂರು ವರ್ಷದವು ಸರಿಯಾಗಿ ತೆರೆದವು; ಅದಕ್ಕಿಂತ ಹಿಂದಿನ ಮೂವತ್ತು ಚಿತ್ರ ತೆರೆದರು, ಮೂವತ್ತೂ ಬೂದು. ಪಟ್ಟಿಯಲ್ಲಿ ಹೆಸರಿತ್ತು, ಒಳಗೆ ಚಿತ್ರವಿರಲಿಲ್ಲ; ಬಾಗಿಲಿಗೆ ಹೆಸರಿನ ಫಲಕವಿದ್ದು ಹಿಂದೆ ಮನೆಯೇ ಇಲ್ಲದ ಹಾಗೆ. ಮಾರಾಟಗಾರ "ಒಂದು ಕಾಲ್ ಬಂತು" ಎಂದು ಹೊರಗೆ ಹೋದವನು ತಿರುಗಿ ಬರಲಿಲ್ಲ.

ಕರಡು ತಿದ್ದುವವನು ರಾಯರ ಕೈ ಕುಲುಕಿದ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಮ್ಯಾನೇಜರ್ ಮಾತ್ರ ಗಲ್ಲ ಕೆರೆದುಕೊಂಡರು. "ಮೂರು ವರ್ಷದ್ದು ಸರಿಯಾಗಿದೆ ತಾನೇ?"

"ಇದೆ ಸಾರ್. ಮೂವತ್ತೇಳು ವರ್ಷದ್ದು ಇಲ್ಲ."

"ಅದನ್ನ ಕೊನೇ ಸಲ ಯಾರು, ಯಾವಾಗ ಕೇಳಿದ್ರು?"

ಕಪಾಟು ಉಳಿಸಿಕೊಳ್ಳಲು ಒಂದು ಸಣ್ಣ ಸುಳ್ಳು ಸಾಕಿತ್ತು. ಆದರೆ ರಾಯರು ಪುರಾವೆಯಿಲ್ಲದೆ ಬಾಯಿ ಬಿಡುವವರಲ್ಲ. ಬೇಡಿಕೆಯ ರಿಜಿಸ್ಟರ್ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಪುಟ ಹಿಂದಕ್ಕೆ ತಿರುವುತ್ತಾ ಹೋದರು. ತುಂಬ ಹೊತ್ತು ಹೋದರು.

"ಆರು ವರ್ಷ ನಾಲ್ಕು ತಿಂಗಳ ಹಿಂದೆ ಸಾರ್."

"ಯಾರು?"

"ನಾನೇ. ತೆರೆಯುತ್ತೋ ಇಲ್ವೋ ಅಂತ ನೋಡೋಕೆ."

ನಾಲ್ಕೂವರೆಗೆ ಕಪಾಟುಗಳು ಗುಜರಿಗೆಂದು ಮೆಟ್ಟಿಲಿಳಿದವು. ಮರುದಿನ ಹತ್ತು ಗಂಟೆಗೆ ರಾಯರು ಕೆಳಗಿನ ಕೌಂಟರಿನಲ್ಲಿ ಕೂತು, 'ಮನೆ ಬಾಡಿಗೆಗೆ ಇದೆ' ಎಂಬ ಜಾಹೀರಾತು ಬರೆದುಕೊಳ್ಳುತ್ತಿದ್ದರು.